ಶಾಕ್ ಹೊಡೆಯದ ಕರೆಂಟು

ಕರೆಂಟಿನ ವಿಷಯದಲ್ಲಿ ಗೋಕಾಕ ಸೀಮೆಯವರಿಗೆ ಯಾರೂ ಪಾಠ ಹೇಳುವ ಹಾಗಿಲ್ಲ. ನಾಡಿನ ಉಳಿದವರು 1902ರ ಶಿವನಸಮುದ್ರದ ವಿದ್ಯುತ್ ಸ್ಥಾವರದಿಂದ ಲೆಕ್ಕ ಹಿಡಿದರೆ, ಇಲ್ಲಿಯವರು ಘಟಪ್ರಭೆಯ ನೀರಿನ ಬಲದಿಂದ ಫಾಲ್ಸಿನ ಗಿರಣಿ ಓಡಿದ 1887ನ್ನು ಮುಂದಿಟ್ಟು “ಕರೆಂಟ್ ಹುಟ್ಟಿದ್ದ ನಮ್ಮಲ್ಲಿ” ಎಂದು ಮೀಸೆ ತಿರುವುತ್ತಾರೆ. ಆ ವಾದವನ್ನು ಕರದಂಟು ತಿನ್ನುತ್ತ ಬೇರೆ ದಿನ ಮಾಡಬಹುದು. ಪಕ್ಕದ ಹುಕ್ಕೇರಿಯಲ್ಲಂತೂ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೇ ಇದೆ. ರಾಜ್ಯದಲ್ಲಿ ಅಂಥದ್ದು ಅದೊಂದೇ. ಕರೆಂಟು ಹೋದರೆ ಬೈಯುವುದಕ್ಕೂ ಅಲ್ಲಿಯವರಿಗೆ ತಮ್ಮದೇ ಆದ ಸಂಸ್ಥೆಯುಂಟು. ಇಂಥ ಸೀಮೆಯಲ್ಲಿ ಗಾಡಿಯ ಬ್ಯಾಟರಿ ಬಿಚ್ಚುವಾಗ ಪಾನಾ ಯಾವ ತುದಿಗೆ ಮೊದಲು ಹಾಕಬೇಕು ಎಂದು ಕೇಳಿ ನೋಡಿ. “ಯಾವುದಾದ್ರೇನ್ರೀ, ಹನ್ನೆರಡ ವೋಲ್ಟ್ ಏನ್ ಮಾಡತೈತಿ?” ಎಂಬ ಉತ್ತರ ಬರುತ್ತದೆ. ನನ್ನ ತಕರಾರೆಲ್ಲ ಈ ಉತ್ತರದ ಮೇಲೆ.

ಉತ್ತರದಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅದು ಇಷ್ಟು ದಿನ ಬಾಳಿದೆ. ಒಣಗಿದ ಕೈಯ ಚರ್ಮ ಹತ್ತಾರು ಸಾವಿರ ಓಮ್‌ಗಳಷ್ಟು ತಡೆ ಒಡ್ಡುತ್ತದೆ. 12 ವೋಲ್ಟನ್ನು 10,000 ಓಮಿನಿಂದ ಭಾಗಿಸಿದರೆ ಬರುವುದು ಒಂದು ಮಿಲಿ ಆಂಪಿಯರಿಗಿಂತ ಚೂರು ಹೆಚ್ಚು. ಅಷ್ಟಕ್ಕೆ ಕೈ ಜುಮ್ಮೆನ್ನುವುದೂ ಅನುಮಾನ. ಎರಡೂ ಟರ್ಮಿನಲ್ ಹಿಡಿದು ನಿಂತು “ನೋಡ್ರೀ, ಏನಾತು?” ಎಂದು ಪ್ರದರ್ಶನ ಕೊಡುವ ಶೂರನಿಗೆ ಏನೂ ಆಗದಿರುವುದು ಇದರಿಂದಲೇ. ಆದರೆ ಪಾನಾಕ್ಕೆ ಚರ್ಮವಿಲ್ಲ. ಉಕ್ಕಿನ ಪಾನಾ ಎರಡು ಕಂಬಗಳ ನಡುವೆ ಅಡ್ಡ ಬಿದ್ದರೆ ತಡೆಯಾಗಿ ಉಳಿಯುವುದು ಬ್ಯಾಟರಿಯ ಒಳತಡೆ ಒಂದೇ, ಅದು ಓಮಿನ ಸಾವಿರದ ಕೆಲವೇ ಪಾಲು. ಆಗ ಹರಿಯುವ ಕರೆಂಟು ಸಾವಿರ ಆಂಪಿಯರನ್ನೂ ಮೀರಬಹುದು. ಮನೆಯ ಲೈನಿನಲ್ಲಿ ಹೀಗಾದರೆ ಎಂಸಿಬಿ ‘ಟಪ್’ ಎಂದು ಬಿದ್ದು ಮಾನ ಉಳಿಸುತ್ತದೆ. ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋಗುವ ದಪ್ಪ ವೈರಿಗೆ ಸಾಮಾನ್ಯವಾಗಿ ಫ್ಯೂಸೇ ಇರುವುದಿಲ್ಲ. ಪಾನಾದ ಬಾಯಿ ಕರಗಿ ಕಚ್ಚಿದ ಗುರುತು ಮೂಡುತ್ತದೆ, ಕೈಯಲ್ಲಿ ಉಂಗುರವಿದ್ದು ಅದೇ ಅಡ್ಡ ಬಂದರೆ ಉಂಗುರ ಕಾದು ಬೆರಳು ಸುಡುತ್ತದೆ. ಮನೆಯ ಕರೆಂಟು ಮನುಷ್ಯನನ್ನು ಹುಡುಕಿಕೊಂಡು ಬಂದರೆ ಬ್ಯಾಟರಿಯದು ಲೋಹವನ್ನು ಹುಡುಕುತ್ತದೆ. ಗಾಡಿಯೋ ತಲೆಯಿಂದ ಗಾಲಿಯವರೆಗೆ ಲೋಹ.

ಈಗಿನ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ ತುದಿ ಚಾಸಿಗೆ ಕೂತಿರುತ್ತದೆ. ಎಂದರೆ ಬಾನೆಟ್ಟಿನ ಕೆಳಗಿನ ಪ್ರತಿ ಪಟ್ಟಿ, ಪ್ರತಿ ಬೋಲ್ಟು ಬ್ಯಾಟರಿಯ ಮೈನಸ್ಸೇ. ಪ್ಲಸ್ಸಿಗೆ ಮೊದಲು ಪಾನಾ ಹಾಕಿ ತಿರುಗಿಸುವಾಗ ಅದರ ಬಾಲ ಪಕ್ಕದ ತಗಡಿಗೆ ತಾಗಿದರೆ ಸುತ್ತು ಪೂರ್ತಿಯಾಯಿತು, ಕಿಡಿ ಹಾರಿತು. ಮೈನಸ್ ಮೊದಲು ಬಿಚ್ಚುವಾಗ ಪಾನಾ ತಗಡಿಗೆ ತಾಗಿದರೆ ಮೈನಸ್ಸಿಗೆ ಮೈನಸ್ ತಾಗಿದಂತೆ, ಏನೂ ಆಗುವುದಿಲ್ಲ. ಅದನ್ನು ಪಕ್ಕಕ್ಕೆ ಸರಿಸಿದ ಮೇಲೆ ಪ್ಲಸ್ಸಿನ ಪಾನಾ ಎಲ್ಲಿ ತಾಗಿದರೂ ಸುತ್ತು ಕೂಡುವುದಿಲ್ಲ. ಕಂಬ ಹತ್ತುವ ಲೈನ್‌ಮನ್ ಮೊದಲು ಎಲ್‌ಸಿ ತೆಗೆದುಕೊಂಡು ಲೈನಿನ ಕರೆಂಟು ಬಂದ್ ಮಾಡಿಸುತ್ತಾನಲ್ಲ, ಮೈನಸ್ ಬಿಚ್ಚುವುದು ಗಾಡಿಯ ಎಲ್‌ಸಿ. ಕೂರಿಸುವಾಗ ಕ್ರಮ ತಿರುಗುಮುರುಗು: ಪ್ಲಸ್ ಮೊದಲು, ಮೈನಸ್ ಕೊನೆಗೆ. “ಅಜ್ಜನ ಕಾಲದ ಟ್ರ್ಯಾಕ್ಟರಿನಾಗ ಪ್ಲಸ್ ಮೊದಲ ಬಿಚ್ಚತಿದ್ರು” ಎಂದು ಯಾರಾದರೂ ಎದ್ದು ನಿಂತರೆ ಅವರನ್ನು ಕೂರಿಸಬೇಡಿ, ಅವರು ಹೇಳುವುದರಲ್ಲಿ ಹುರುಳಿದೆ. ಕೆಲವು ಹಳೆಯ ಬ್ರಿಟಿಷ್ ಟ್ರ್ಯಾಕ್ಟರುಗಳಲ್ಲಿ ಪ್ಲಸ್ಸೇ ಚಾಸಿಗೆ ಕೂತಿರುತ್ತಿತ್ತು. ಹಾಗಾಗಿ ನಿಯಮವನ್ನು ಸರಿಯಾಗಿ ಹೇಳಬೇಕೆಂದರೆ, ಬಾಡಿಗೆ ಕೂತ ತುದಿ ಯಾವುದೋ ಅದು ಮೊದಲು ಬಿಚ್ಚಬೇಕಾದ್ದು, ಕೊನೆಗೆ ಕಟ್ಟಬೇಕಾದ್ದು.

ಇನ್ನು ದೊಡ್ಡ ಆಕ್ಷೇಪ: “ನಮ್ಮ ಮಿಸ್ತ್ರಿ ಇಪ್ಪತ್ತ ವರ್ಷದಿಂದ ಹ್ಯಾಂಗ ಬೇಕಾದ್ರ ಹಾಂಗ ಬಿಚ್ಚತಾನ, ಏನೂ ಆಗಿಲ್ಲ.” ಆಗಿಲ್ಲದಿರುವುದಕ್ಕೆ ಕಾರಣ ಎರಡು. ಒಂದು, ಮಿಸ್ತ್ರಿಯ ಮಣಿಕಟ್ಟು. ಕತ್ತಲಲ್ಲಿಯೂ ತಗಡು ಎಲ್ಲಿದೆ ಎಂಬುದು ಅದಕ್ಕೆ ಗೊತ್ತು. ನಮ್ಮ ನಿಮ್ಮ ಮಣಿಕಟ್ಟಿಗೆ ಗೊತ್ತಿರುವುದು ಮೊಬೈಲಿನ ಭಾರ ಮಾತ್ರ. ಎರಡು, ಆ ಇಪ್ಪತ್ತು ವರ್ಷಗಳ ಗಾಡಿಗಳಲ್ಲಿ ಕೆಡುವಂಥದ್ದೇ ಕಡಿಮೆ ಇತ್ತು: ಹಾರ್ನು, ಲೈಟು, ಸೆಲ್ಫ್. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲಂತೂ ಕಾರು ಚಕ್ರದ ಮೇಲಿನ ಕಂಪ್ಯೂಟರು. 2023ರ ಜನವರಿಯಿಂದ 50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೂ ಹೊಸ ಹೊಗೆ ನಿಯಮ ಬಂತು, ಅವುಗಳ ಬಾನೆಟ್ಟಿನಡಿಯೂ ಇಸಿಯು ಎಂಬ ಕಂಪ್ಯೂಟರು ಹೊಕ್ಕಿತು. ಮಿಸ್ತ್ರಿಯ ಇನ್ನೊಂದು ಹಳೆಯ ವಿದ್ಯೆ, ಎಂಜಿನ್ ಚಾಲೂ ಇಟ್ಟು ಬ್ಯಾಟರಿ ತೆಗೆದು “ಚಾರ್ಜಿಂಗ್ ಐತಿ ನೋಡ್ರಿ” ಎಂದು ತೋರಿಸುವುದು. ಡೈನಮೋ ಕಾಲಕ್ಕೆ ಅದು ನಡೆದುಹೋಯಿತು. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಉಕ್ಕುವ ವೋಲ್ಟೇಜನ್ನು ನುಂಗಿಕೊಳ್ಳುವುದು ಬ್ಯಾಟರಿಯೇ. ಅದನ್ನೇ ಎತ್ತಿಬಿಟ್ಟರೆ ವೋಲ್ಟೇಜು ಒಮ್ಮೆಲೇ ಜಿಗಿದು ಇಸಿಯುವಿನ ಪ್ರಾಣಕ್ಕೇ ಬರಬಹುದು. ಗಡಿಯಾರ, ರೇಡಿಯೋ ಎಲ್ಲ ಮರೆತುಹೋಗುತ್ತವಲ್ಲ ಎಂಬ ಚಿಂತೆಗೂ ಎಂಜಿನ್ ಚಾಲೂ ಇಡುವುದು ಮದ್ದಲ್ಲ. ಗಡಿಯಾರವನ್ನು ಮತ್ತೆ ಹೊಂದಿಸಿದರಾಯಿತು, ಇಸಿಯುವನ್ನು ಹಾಗೆ ಹೊಂದಿಸಲು ಬರುವುದಿಲ್ಲ.

ಕ್ರಮ ಸರಿಯಿದ್ದೂ ಕೆಡುವ ಇನ್ನೊಂದು ಜಾಗವಿದೆ, ಪ್ಲಸ್ಸು ಮೈನಸ್ಸು ಅದಲುಬದಲಾಗುವುದು. ಹೊಲದ ಧೂಳು, ಡೀಸೆಲ್ಲಿನ ಜಿಡ್ಡು ಸೇರಿ ಕೆಂಪು ವೈರೂ ಕರಿ ವೈರೂ ಒಂದೇ ಜಾತಿಯಾಗಿರುತ್ತವೆ. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಬೆಳೆದು ಗುರುತು ಮುಚ್ಚಿರುತ್ತದೆ. ಅಡುಗೆ ಸೋಡಾ ಕಲಸಿದ ಬಿಸಿನೀರು ಹಾಕಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೆ ನೊರೆಯೆದ್ದು ಪುಡಿ ಹೋಗುತ್ತದೆ, ಕೆಳಗಿನ ಚಿಹ್ನೆ ಕಾಣುತ್ತದೆ. ಅದೂ ಸವೆದಿದ್ದರೆ ಕಂಬಗಳ ದಪ್ಪ ನೋಡಿ: ಪ್ಲಸ್ ಕಂಬ ಮೈನಸ್ಸಿಗಿಂತ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ. ಮಾಡಿದವರು ಜಾಣರು, ತಪ್ಪು ಕ್ಲಾಂಪು ಕೂಡಲೇಬಾರದು ಎಂದು ಹೀಗೆ ಮಾಡಿಟ್ಟರು. ನಾವು ಅವರಿಗಿಂತ ಜಾಣರು, ಕೂಡದ್ದನ್ನು ಸುತ್ತಿಗೆಯಿಂದ ಕೂಡಿಸುತ್ತೇವೆ. ಸೀಸದ ಕಂಬ ಮೆತ್ತಗಿನದು, ಹೊಡೆತಕ್ಕೆ ಬುಡ ಸಡಿಲಾಗುತ್ತದೆ. ತುದಿಗಳು ಅದಲುಬದಲಾದರೆ ಮೊದಲು ಸುಡುವುದು ಆಲ್ಟರ್ನೇಟರಿನ ಡಯೋಡುಗಳು. ಅಂಗಡಿಯಲ್ಲಿ ಬ್ಯಾಟರಿ ಕೊಳ್ಳುವಾಗಲೇ ಪ್ಲಸ್ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಹಳೆಯದರ ಜೊತೆ ಹೋಲಿಸಿ ತಂದರೆ ವೈರು ಜಗ್ಗಾಡುವ ಪ್ರಸಂಗವೇ ಬಾರದು. ರಾತ್ರಿ ಕೆಲಸವಾದರೆ ಬೆಳಕಿಗೆ ಕಡ್ಡಿ ಗೀರಬೇಡಿ, ಬೀಡಿಯನ್ನೂ ಹಚ್ಚಬೇಡಿ. ಚಾರ್ಜಾಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಅದಕ್ಕೆ ಹತ್ತಿಕೊಳ್ಳಲು ಒಂದು ಕಿಡಿ ಸಾಕು. ಖಂಡೇಪೂಜೆಯ ದಿನ ಬಾನೆಟ್ಟಿಗೆ ಕುಂಕುಮ, ಗಾಲಿಗೆ ಲಿಂಬೆಹಣ್ಣು ಸಿಗುತ್ತದೆ; ಒಳಗೆ ಕೂತ ಈ ಪೆಟ್ಟಿಗೆಗೆ ಆ ದಿನವೂ ಒಂದು ಹೂವಿಲ್ಲ.

“ಇಷ್ಟೆಲ್ಲ ಉಸಾಬರಿ ಯಾಕ, ಅಂಗಡಿಯವರ ಕೂರಿಸಿ ಕೊಡತಾರ” ಎಂಬುದು ಕೊನೆಯ ಆಕ್ಷೇಪ, ಒಪ್ಪಬೇಕಾದದ್ದೇ. ಆದರೆ ಬ್ಯಾಟರಿ ಕೂತ ಗಾಡಿ ಅಂಗಡಿಯವರೆಗೆ ನಡೆದು ಹೋಗುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ, ಮೂಡಲಗಿ ಕಡೆಯ ಹೊಲದೊಳಗೆ ಎರಡು ಟ್ರೇಲರ್ ಡಬ್ಬಿ ತುಂಬಿ ನಿಂತ ಟ್ರ್ಯಾಕ್ಟರನ್ನು ದಬ್ಬಿ ಚಾಲೂ ಮಾಡುವುದಕ್ಕಿಂತ ಕೈಚೀಲದಲ್ಲಿ 10 ಮತ್ತು 13 ನಂಬರಿನ ಪಾನಾ ಇಟ್ಟುಕೊಳ್ಳುವುದು ಅಗ್ಗ. ಹೊಸದು ಕೂರಿಸಿದ ಮೇಲೆ ಮೀಟರ್ ಹಿಡಿದು ನೋಡಿ: ಎಂಜಿನ್ ನಿಂತಾಗ ಸುಮಾರು 12.6 ವೋಲ್ಟ್, ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ಇರಬೇಕು. ಓಡುವಾಗಲೂ ಏರದಿದ್ದರೆ ದೋಷ ಬ್ಯಾಟರಿಯದಲ್ಲ, ಚಾರ್ಜಿಂಗಿನದು. ಎರಡೂ ಸರಿಯಿದ್ದೂ ಬೆಳಿಗ್ಗೆ ಸೆಲ್ಫ್ ಎತ್ತದಿದ್ದರೆ ಡ್ರೈವರಣ್ಣ ಫ್ಯಾಕ್ಟರಿಯ ಪಾಳಿಯಲ್ಲಿ ನಿಂತಾಗ ಎಂಜಿನ್ ಬಂದ್ ಮಾಡಿ ರಾತ್ರಿಯೆಲ್ಲ ಹಚ್ಚಿದ ಜಾನಪದ ಹಾಡುಗಳನ್ನು ವಿಚಾರಿಸಬೇಕು. ಆ ಸ್ಪೀಕರುಗಳ ಹಸಿವಿಗೆ ಯಾವ ಬ್ಯಾಟರಿಯೂ ಸಾಲದು. ಹಳೆಯ ಬ್ಯಾಟರಿಯನ್ನು ಅಂಗಡಿಗೇ ಮರಳಿಸಿದರೆ ಬೆಲೆಯಲ್ಲಿ ಒಂದಿಷ್ಟು ವಜಾ ಆಗುತ್ತದೆ. ಅದನ್ನು ಮರಳಿ ಪಡೆಯುವ ಹೊಣೆಯನ್ನು 2022ರ ನಿಯಮಗಳು ಕಂಪನಿಗಳ ಮೇಲೆ ಹೊರಿಸಿವೆ. ಆ್ಯಸಿಡ್ಡನ್ನು ಕಾಲುವೆಗೆ ಸುರಿದು ಖಾಲಿ ಡಬ್ಬವನ್ನು ಗುಜರಿಗೆ ಮಾರುವವನಿಗೆ ಸಿಗುವುದು ನಾಲ್ಕು ಕಾಸು, ಆ ಸೀಸದ ನೀರು ಹೋಗುವುದು ಅವನದೇ ಕಬ್ಬಿಗೆ.