ದೀಪೋಪದ್ರವ ಮೀಮಾಂಸೆ

ಹಳೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪವೊಂದು ಮನಸ್ಸು ಬಂದಾಗ ಹತ್ತಿ, ಮನಸ್ಸು ಬಂದಾಗ ಆರುವ ವಿದ್ಯಮಾನಕ್ಕೆ ಪ್ರಸ್ತುತ ಶಾಸ್ತ್ರದಲ್ಲಿ ‘ದೀಪೋಪದ್ರವ’ ಎಂದು ಹೆಸರು. ಸದಾ ಉರಿಯುವ ದೀಪಕ್ಕೆ ಇಲ್ಲಿ ಪ್ರವೇಶವಿಲ್ಲ. ಅದು ಬರೀ ರಿಪೇರಿ, ಶಾಸ್ತ್ರವಲ್ಲ. ನಮ್ಮ ದೇಶದಲ್ಲಿ ಈ ವಿದ್ಯೆ ಅಷ್ಟೇನೂ ಪ್ರಾಚೀನವಲ್ಲ. ಹೊಗೆ ನಿಯಮಗಳ ಬೆನ್ನಿಗೆ ಒಬಿಡಿ ಎಂಬ ಸ್ವಯಂತಪಾಸಣೆಯ ಮೊದಲ ಹಂತ 2010ರಲ್ಲೂ ಎರಡನೆಯದು 2013ರಲ್ಲೂ ಕಡ್ಡಾಯವಾಗತೊಡಗಿತು. ಕಾರ್ಬುರೇಟರ್ ಕಾಲದ ಹಿರಿಯರಿಗೆ ದೀಪವಿರಲಿಲ್ಲ, ಕಿವಿ ಇತ್ತು.

ದೋಷವನ್ನು ಅರಿಯುವ ಪ್ರಮಾಣಗಳಲ್ಲಿ ಮೊದಲನೆಯದು ಪ್ರತ್ಯಕ್ಷ. ಇದು ಇಲ್ಲಿ ಕೈಕೊಡುತ್ತದೆ. ನಾವು ತವರಿಗೆ ಹೊರಟಾಗ ದೀಪ ಹತ್ತುತ್ತದೆ, ಗ್ಯಾರೇಜಿನ ಗೇಟು ದಾಟುವಾಗ ಆರುತ್ತದೆ. ಇದನ್ನು ದೀಪದ ಕುಚೇಷ್ಟೆ ಎಂದು ಪಾಮರರು ಬಗೆಯುತ್ತಾರೆ. ವಾಸ್ತವದಲ್ಲಿ ಒಳಗೆ ಕುಳಿತ ಇಸಿಯು ಎಂಬ ಇಂಜಿನ್ ಕಂಪ್ಯೂಟರ್ ಪಕ್ಕಾ ನ್ಯಾಯಾಧೀಶ. ಬಹುತೇಕ ದೋಷಗಳಿಗೆ ಅದು ಒಂದೇ ಸಾಕ್ಷ್ಯ ಒಪ್ಪುವುದಿಲ್ಲ. ಬೆನ್ನುಬೆನ್ನಿಗೆ ಎರಡು ಓಡಾಟಗಳಲ್ಲಿ ಕಂಡರಷ್ಟೇ ದೀಪ ಹಚ್ಚುತ್ತದೆ. ಸಾಮಾನ್ಯವಾಗಿ ಮೂರು ಓಡಾಟ ಸತತವಾಗಿ ಸುಸೂತ್ರವಾದರೆ ಆರಿಸುತ್ತದೆ. ಆದರೆ ಫೈಲು ಮುಚ್ಚುವುದಿಲ್ಲ. ಇಂಜಿನ್ ಸುಮಾರು ನಲವತ್ತು ಸಲ ಬಿಸಿಯಾಗಿ ತಣಿಯುವವರೆಗೂ ದೋಷದ ಗುರುತಾದ ಕೋಡ್ ಅದರ ನೆನಪಿನಲ್ಲಿ ಇರಬಹುದು. ದೀಪ ಆರಿತೆಂದು ಊದುಬತ್ತಿ ಹಚ್ಚಿದವರು ಇದನ್ನು ಗಮನಿಸತಕ್ಕದ್ದು.

ಎರಡನೆಯದು ಅನುಮಾನ. ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸುವುದು ತಾರ್ಕಿಕರ ಹಳೆಯ ಚಾಳಿ. ಕಾರಿನಲ್ಲಿ ಹೊಗೆ ಕಂಡವನು ಖರ್ಚನ್ನು ಊಹಿಸುತ್ತಾನೆ. ಉಪಮಾನವೆಂದರೆ ಪಕ್ಕದ ಮನೆಯವರು: ‘ನಮ್ಮದರಲ್ಲೂ ಹೀಗೇ ಆಗಿತ್ತು ಸಾರ್, ಸೆನ್ಸರ್ ಹಾಕಿಸಿದ್ವಿ.’ ಇದನ್ನು ನಂಬಿ ಸೆನ್ಸರ್ ಹಾಕಿಸುವುದಕ್ಕೆ ಅಂಧಪರಂಪರಾನ್ಯಾಯ ಎನ್ನಬಹುದು.

ಉಳಿದದ್ದು ಶಬ್ದಪ್ರಮಾಣ. ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದರೆ ಮಂತ್ರ ಹೊರಡುತ್ತದೆ, ಉದಾಹರಣೆಗೆ ಪಿ 0420. ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರಿನ ಸಾಮರ್ಥ್ಯ ಕುಂದಿದೆ ಎಂದು ಪದಾರ್ಥ. ‘ಕನ್ವರ್ಟರ್ ಬದಲಿಸಿ’ ಎಂದು ತಾತ್ಪರ್ಯ ಹೇಳುವವರು ಅಂಗಡಿಯವರು. ಹಿಂದಿನ ಆಕ್ಸಿಜನ್ ಸೆನ್ಸರ್ ಸುಳ್ಳಾಡುತ್ತಿರಬಹುದು, ಸೈಲೆನ್ಸರ್ ಪೈಪಿನಲ್ಲಿ ಸೀಳು ಇರಬಹುದು. ಕೋಡ್ ದೂರು ಅರ್ಜಿಯೇ ಹೊರತು ತೀರ್ಪಲ್ಲ. ಅರ್ಜಿಯ ಜೊತೆ ಲಗತ್ತೂ ಇರುತ್ತದೆ. ದೋಷ ದಾಖಲಾದ ಗಳಿಗೆಯಲ್ಲಿ ವೇಗ ಎಷ್ಟು, ಇಂಜಿನ್ ಬಿಸಿ ಎಷ್ಟು ಎಂಬ ಫ್ರೀಝ್ ಫ್ರೇಮ್. ಇದನ್ನು ಓದದೆ ‘ಕ್ಲಿಯರ್’ ಒತ್ತುವ ಮೆಕ್ಯಾನಿಕ್ಕಿನ ಕೈ ಹಿಡಿಯಬೇಕು. ಹಾಗೆ ಒತ್ತಿದರೆ ಸಾಕ್ಷ್ಯವೆಲ್ಲ ಅಳಿಸಿಹೋಗಿ ಶಾಸ್ತ್ರ ಮೊದಲಿನಿಂದ ಶುರು.

ಹಳೆಯ ಕಾರಿನಲ್ಲಿ ಬಂದುಹೋಗುವ ದೋಷಕ್ಕೆ ಹೆಚ್ಚಾಗಿ ಸಡಿಲ ಕನೆಕ್ಟರು, ತುಕ್ಕು ಹಿಡಿದ ಅರ್ಥಿಂಗ್, ಮಳೆಯ ತೇವ, ಬಿಸಿಗೆ ಸೋಲುವ ಇಗ್ನಿಷನ್ ಕಾಯಿಲ್ ಕಾರಣ. ಗಣೇಶನ ವಾಹನವು ಮನುಷ್ಯನ ವಾಹನದ ವೈರನ್ನು ಕಡಿಯುವುದು ಪ್ರತ್ಯೇಕ ಅಧ್ಯಾಯ. ಇಂಜಿನ್ ಓಡುತ್ತಿರುವಾಗ ವೈರುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡುವುದೇ ಇಲ್ಲಿನ ಪರಮ ಸಾಧನೆ. ಫ್ಯಾನು, ಬೆಲ್ಟುಗಳಿಂದ ಕೈ ದೂರವಿರಲಿ. ಮೊದಲನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ, ಎಂದು ಕೋಡ್ ಹೇಳಿದರೆ ಅದರ ಕಾಯಿಲನ್ನು ಮೂರನೆಯದಕ್ಕೆ ಹಾಕಿ. ಕೋಡೂ ಅಲ್ಲಿಗೆ ಹೋದರೆ ಕಳ್ಳ ಸಿಕ್ಕ. ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಬಿಲ್ಲಿನಲ್ಲಿ ಯಾರೂ ಬರೆಯುವುದಿಲ್ಲ, ಅದಕ್ಕೇ ಇದು ಅಪ್ರಸಿದ್ಧ.

ಪೂರ್ವಪಕ್ಷವಾಗಿ, ಪ್ರತ್ಯಕ್ಷವೊಂದನ್ನೇ ನಂಬುವ ಚಾರ್ವಾಕರನ್ನೂ ಹೇಳಬೇಕು. ಬಲ್ಬ್ ಕಿತ್ತರೆ ದೋಷವಿಲ್ಲ ಎಂಬುದು ಅವರ ಮತ. ಸೆಕೆಂಡ್‌ಹ್ಯಾಂಡ್ ಮಾರುವವರಲ್ಲಿ ಅನುಯಾಯಿಗಳು ಉಂಟು. ಖಂಡನೆ ಸುಲಭ: ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ಆಗ ಈ ದೀಪ ಹತ್ತಲೇಬೇಕು. ಹತ್ತದಿದ್ದರೆ ಅಡ್ವಾನ್ಸ್ ವಾಪಸು ಕೇಳಿ.

ಕಡೆಯದಾಗಿ, ಓಡುತ್ತಿರುವಾಗ ದೀಪ ಪಟಪಟನೆ ಮಿಟುಕಿದರೆ ಅದು ತೀವ್ರ ಮಿಸ್‌ಫೈರ್. ಉರಿಯದ ಪೆಟ್ರೋಲ್ ಹೋಗಿ ಕನ್ವರ್ಟರನ್ನು ಸುಡುತ್ತದೆ. ಆಗ ಮೀಮಾಂಸೆ ಮುಚ್ಚಿಟ್ಟು, ಗಾಡಿ ಪಕ್ಕಕ್ಕೆ ನಿಲ್ಲಿಸಿ, ಟೋಯಿಂಗ್‌ನವರಿಗೆ ಫೋನ್ ಮಾಡಿ.