ಕಡತಕ್ಕೆ ಈಜು ಬರುತ್ತದೆ

ಡಿಸೆಂಬರ್ ಹತ್ತಿರವಾಯಿತೆಂದರೆ ನಮ್ಮ ಶಾಲೆಗಳಲ್ಲಿ ಒಂದು ಸಾಹಸ ಕ್ರೀಡೆ ಶುರುವಾಗುತ್ತದೆ. ಹಗ್ಗವಿಲ್ಲ, ಹೆಲ್ಮೆಟ್ಟಿಲ್ಲ, ಕೆಳಗೆ ಬಲೆಯೂ ಇಲ್ಲ. ಪ್ರವಾಸದ ಅನುಮತಿಗಾಗಿ ಹೆಡ್‌ಮೇಷ್ಟ್ರು ಬಿಇಒ ಕಚೇರಿಯ ಮೆಟ್ಟಿಲು ಹತ್ತುವುದೇ ಆ ಕ್ರೀಡೆ. ಅರ್ಜಿ, ಮಕ್ಕಳ ಪಟ್ಟಿ, ಎಸ್‌ಡಿಎಂಸಿ ನಡಾವಳಿ, ಬಸ್ಸಿನ ದಾಖಲೆ, ಪೋಷಕರ ಒಪ್ಪಿಗೆ ಪತ್ರ, ಎಲ್ಲವನ್ನೂ ಎದೆಗವಚಿಕೊಂಡು ಹತ್ತಿದವರು ಒಂದು ಸಹಿ ಕಡಿಮೆ ಬಿದ್ದರೆ ಮತ್ತೆ ಕೆಳಕ್ಕೆ. ಎರಡನೇ ಸಲ ಹತ್ತಿದಾಗ ಕೇಸ್ ವರ್ಕರ್ ರಜೆ. ಮೂರನೇ ಸಲ ಸಾಹೇಬರು ಮೀಟಿಂಗ್. ಇಷ್ಟು ದಾಟಿ ಬಂದವರಿಗೆ ಎವರೆಸ್ಟೂ ಒಂದು ದಿಣ್ಣೆ.

ಆ ಮೇಜಿನ ಮುಂದೆ ನಡೆಯುವ ಮಾತುಕತೆ ಹೀಗಿರಬಹುದು ಎಂದು ಊಹಿಸಿಕೊಳ್ಳಿ.

"ಸಾರ್, ನಮ್ಮ ಮಕ್ಕಳು ಸಮುದ್ರಾನೇ ಕಂಡವರಲ್ಲ. ಅಲ್ಲಿ ಲೈಫ್‌ಗಾರ್ಡ್‌ಗಳು ಸಂಜೆ ಎಷ್ಟು ಗಂಟೆವರೆಗೆ ಇರ್ತಾರೆ ಅಂತ ಯಾರನ್ನ ಕೇಳಬೇಕು?"

"ಅದೆಲ್ಲ ಪ್ರವಾಸೋದ್ಯಮ ಇಲಾಖೆಗೆ ಬರುತ್ತೆ ಮೇಷ್ಟ್ರೇ, ನಮ್ಮದು ಶಿಕ್ಷಣ ಇಲಾಖೆ. ಇಲ್ನೋಡಿ, ಅನುಬಂಧ ಎರಡರಲ್ಲಿ ಮೊಹರು ಓರೆಯಾಗಿದೆ. ಹೀಗಿದ್ರೆ ಆಡಿಟ್‌ನಲ್ಲಿ ಆಬ್ಜೆಕ್ಷನ್ ಹಾಕ್ತಾರೆ."

ಓರೆ ಮೊಹರಿನಿಂದ ಆಗಬಹುದಾದ ಅನಾಹುತವನ್ನು ಇಷ್ಟು ದೂರದಿಂದ ಕಾಣಬಲ್ಲ ಕಣ್ಣಿಗೆ ಅರಬ್ಬೀ ಸಮುದ್ರ ಕಾಣದೆ ಹೋಗುವುದು ಹೇಗೆ ಎಂದು ಕೇಳಬೇಡಿ. ಸಮುದ್ರ ಅನುಬಂಧದಲ್ಲಿಲ್ಲ.

ಸುತ್ತೋಲೆಗಳಿಗೇನೂ ಬರವಿಲ್ಲ. ಇಷ್ಟರೊಳಗೆ ಪ್ರವಾಸ ಮುಗಿಸಿ, ಸರ್ಕಾರಿ ಬಸ್ಸಿನಲ್ಲಿ ಹೋಗಿ, ರಾತ್ರಿ ಪ್ರಯಾಣ ಬೇಡ, ಅಪಾಯಕಾರಿ ಸ್ಥಳಗಳಿಗೆ ಮಕ್ಕಳನ್ನು ಕರೆದೊಯ್ಯಬೇಡಿ. ಒಳ್ಳೆಯ ಮಾತುಗಳೇ. ಆದರೆ ಒಂದು ಸ್ಥಳ ಅಪಾಯಕಾರಿಯಾಗುವುದು ಯಾವಾಗ? ನಮ್ಮಲ್ಲಿ ಅದಕ್ಕೆ ಪದ್ಧತಿಯಿದೆ. ಅಲ್ಲಿ ಯಾರಾದರೂ ಸಾಯಬೇಕು. ಆಗ ಸ್ಥಳಕ್ಕೆ ಬಡ್ತಿ ಸಿಗುತ್ತದೆ, ಒಂದು ಫಲಕ ಬರುತ್ತದೆ, ಹಗ್ಗ ಕಟ್ಟುತ್ತಾರೆ. ಅಲ್ಲಿಯತನಕ ಅದು ಪ್ರೇಕ್ಷಣೀಯ ಸ್ಥಳ.

2024ರ ಡಿಸೆಂಬರ್ 10ರ ಸಂಜೆ ಮುರುಡೇಶ್ವರಕ್ಕೆ ಆ ಬಡ್ತಿ ಸಿಕ್ಕಿತು. ಮುಳಬಾಗಿಲು ತಾಲೂಕಿನ ವಸತಿ ಶಾಲೆಯೊಂದರಿಂದ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಅಲೆಯ ಪಾಲಾದರು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಅಲ್ಲಿನ ಮಗು ನೀರಿನ ಆಳವನ್ನು ಕೊಳವೆ ಬಾವಿಯ ಅಡಿಗಳಲ್ಲಿ ಕೇಳಿ ಬೆಳೆದಿರುತ್ತದೆ. ಅಂಥ ಮಕ್ಕಳನ್ನು ಕಡಲ ಮುಂದೆ ತಂದು ನಿಲ್ಲಿಸಿದರೆ ಅವರು ಓಡುವುದು ನೀರಿನ ಕಡೆಗೇ. ಇದನ್ನು ಊಹಿಸಲು ತಜ್ಞರ ಸಮಿತಿ ಬೇಕಿರಲಿಲ್ಲ, ಯಾರದಾದರೂ ಅಜ್ಜಿಯನ್ನು ಕೇಳಿದ್ದರೆ ಸಾಕಿತ್ತು. ಆಮೇಲೆ ಆದದ್ದೆಲ್ಲ ಬಲು ಚುರುಕು. ಪ್ರಾಂಶುಪಾಲೆ ಅಮಾನತು, ಶಿಕ್ಷಕರ ಬಂಧನ, ಕಡಲತೀರಕ್ಕೆ ಪ್ರವೇಶ ಬಂದ್, ತಲಾ 5 ಲಕ್ಷ ರೂಪಾಯಿ ಪರಿಹಾರ.

ಈ 5 ಲಕ್ಷದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. 1995ರ ಮೇ ತಿಂಗಳಲ್ಲಿ ಪಿಕ್‌ನಿಕ್ಕಿಗೆ ಹೋದ ಶಾಲೆಯೊಂದರ 14 ಮಕ್ಕಳು ಬಿಯಾಸ್ ನದಿಯಲ್ಲಿ ಮುಳುಗಿ ಸತ್ತರು. ಶಿಕ್ಷಕರ ನಿರ್ಲಕ್ಷ್ಯಕ್ಕೆ ಶಾಲೆಯೂ ಹೊಣೆ ಎಂದ ಹಿಮಾಚಲ ಹೈಕೋರ್ಟ್ ತಲಾ 5 ಲಕ್ಷ ಕೊಡಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದು ಕೋರ್ಟು ಕೊಡಿಸಿದ ನಷ್ಟಪರಿಹಾರ, ಇದು ಸರ್ಕಾರ ತೋರಿದ ಅನುಕಂಪ, ಎರಡೂ ಬೇರೆ ಎಂದು ವಕೀಲರು ಹೇಳುತ್ತಾರೆ, ಸರಿಯೇ. ಆದರೂ ಅಂದಿನಿಂದ ಇಂದಿಗೆ ಟೊಮೆಟೊ ಏರಿದೆ, ಪೆಟ್ರೋಲ್ ಏರಿದೆ, ಶಾಲೆಯ ಫೀಸಿನ ಸುದ್ದಿ ಎತ್ತುವುದೇ ಬೇಡ. ಈ ದೇಶದಲ್ಲಿ ದರ ಏರದೆ ಉಳಿದಿರುವುದು ನೀರಿಗೆ ಬಿದ್ದ ಮಗುವೊಂದೇ.

ಇನ್ನು ಹಣವಿದ್ದವರ ಶಾಲೆಗಳಿಗೆ ಬರೋಣ. ಅಲ್ಲಿ 'ಟೂರ್' ಎನ್ನುವಂತಿಲ್ಲ, 'ಔಟ್‌ಬೌಂಡ್ ಲರ್ನಿಂಗ್' ಎನ್ನಬೇಕು. ಬೆಂಗಳೂರಿನಿಂದ ಎರಡು ಗಂಟೆ ದೂರದ ಬೆಟ್ಟದ ಬುಡದಲ್ಲಿ ಕ್ಯಾಂಪು, ಜಿಪ್‌ಲೈನು, ರಾಪೆಲ್ಲಿಂಗು, ಕೆರೆಯಲ್ಲಿ ಕಯಾಕು. ಗೇಟಿನಲ್ಲಿ ದೊಡ್ಡ ಫಲಕ: 'ಐಎಸ್‌ಒ 9001 ಪ್ರಮಾಣಿತ'. ಅಪ್ಪಅಮ್ಮಂದಿರ ಜೀವ ಅಲ್ಲಿಗೇ ನಿರಾಳ. ಆ ಸಂಖ್ಯೆಗೂ ಜಿಪ್‌ಲೈನಿನ ತಂತಿಗೂ ಏನು ಸಂಬಂಧ ಎಂದು ಯಾರೂ ಕೇಳುವುದಿಲ್ಲ. 9001 ಎನ್ನುವುದು ಗುಣಮಟ್ಟ ನಿರ್ವಹಣೆಯ ವ್ಯವಸ್ಥೆಗೆ ಸಿಗುವ ಪ್ರಮಾಣಪತ್ರ. ಬಿಸ್ಕತ್ತಿನ ಕಾರ್ಖಾನೆಗೂ ಸಿಗುತ್ತದೆ, ಬೋಲ್ಟಿನ ಕಾರ್ಖಾನೆಗೂ ಸಿಗುತ್ತದೆ. ನೀವು ಬರೆದುಕೊಂಡಂತೆ ನಡೆದುಕೊಳ್ಳುತ್ತೀರಾ ಎಂಬುದು ಅದರ ಮುಖ್ಯ ವಿಚಾರಣೆ. ಹಗ್ಗವನ್ನು ಯಾವಾಗ ಬದಲಿಸುತ್ತೀರಿ? 'ಹರಿದಾಗ' ಎಂದು ಕೈಪಿಡಿಯಲ್ಲಿ ಬರೆದು, ಹರಿದಾಗ ತಪ್ಪದೆ ಬದಲಿಸಿದರೆ ನೀವು ವ್ಯವಸ್ಥಿತರು! ಶಾಲಾ ಪ್ರವಾಸದ ಅಪಾಯ ನಿರ್ವಹಣೆಗೆಂದೇ ಒಂದು ಐಎಸ್‌ಒ ದಾಖಲೆಯೂ ಇದೆ, 31031 ಅದರ ಸಂಖ್ಯೆ. ಹೊರಬಂದದ್ದು 2024ರಲ್ಲಿ. ಅದೇ ವರ್ಷದ ಜನವರಿಯಲ್ಲಿ ವಡೋದರದ ಹರ್ನಿ ಕೆರೆಯಲ್ಲಿ ಮಿತಿಮೀರಿ ತುಂಬಿದ್ದ ದೋಣಿ ಮಗುಚಿ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತರು. ಎಲ್ಲರಿಗೂ ಲೈಫ್ ಜಾಕೆಟ್ ಇರಲಿಲ್ಲ. ಜಾಕೆಟ್ಟುಗಳನ್ನೂ ತಲೆಗಳನ್ನೂ ಎಣಿಸಿ ತಾಳೆ ನೋಡಲು ಐದು ಅಂಕಿಯ ದಾಖಲೆ ಬೇಕೇ, ಒಂದನೇ ತರಗತಿಯ ಲೆಕ್ಕ ಸಾಲದೇ, ನನಗೆ ತಿಳಿಯದು.

ಈ ಶಾಲೆಗಳ ಕಿರೀಟಮಣಿ ಎಂದರೆ ಅಪಾಯ ಮೌಲ್ಯಮಾಪನ ಪಟ್ಟಿ. ಐದು ಸಾಲು, ಐದು ಕಂಬ. ಹಸಿರು, ಹಳದಿ, ಕೆಂಪು. ಪಂಚಾಂಗಕ್ಕೂ ಇಷ್ಟು ಬಣ್ಣವಿಲ್ಲ. ಅವಘಡದ ಸಾಧ್ಯತೆಯನ್ನು ಅದರ ತೀವ್ರತೆಯಿಂದ ಗುಣಿಸಬೇಕು. ನೀರಿಗೆ ಬೀಳುವುದು: ಸಾಧ್ಯತೆ 3, ತೀವ್ರತೆ 5, ಗುಣಲಬ್ಧ 15, ಕೆಂಪು. ಅಯ್ಯೋ, ಕೆಂಪಾದರೆ ಪ್ರವಾಸ ರದ್ದು, ಕಟ್ಟಿಸಿಕೊಂಡ ದುಡ್ಡು ವಾಪಸ್. ಹಾಗಾಗಿ ಪಕ್ಕದ ಕಂಬದಲ್ಲಿ ನಿಯಂತ್ರಣ ಕ್ರಮ ಬರೆಯಬೇಕು: 'ಮಕ್ಕಳಿಗೆ ತಿಳಿಹೇಳಲಾಗುವುದು'. ಆ ಕ್ಷಣವೇ ಸಾಧ್ಯತೆ 1ಕ್ಕೆ ಇಳಿಯುತ್ತದೆ. ಒಂದೈದಲೆ ಐದು, ಹಸಿರು. ಹೀಗೆ ಒಂದು ಭವಿಷ್ಯತ್ಕಾಲದ ಕ್ರಿಯಾಪದಕ್ಕೆ ಬಗ್ಗದ ಸಮುದ್ರವಿಲ್ಲ, ಜಾರದ ಬಂಡೆಯಿಲ್ಲ. ಹಾವಿಗೂ ಅದೇ ಮಂತ್ರ, ಹೆಜ್ಜೇನಿಗೂ ಅದೇ. ಪಟ್ಟಿಯನ್ನು ಹೋದ ವರ್ಷದ ಕಡತದಿಂದ ನಕಲು ಮಾಡಿ ಊರಿನ ಹೆಸರು ಬದಲಿಸುವಾಗ ಮಾತ್ರ ಕೊಂಚ ಎಚ್ಚರ ಬೇಕು. ಮೈಸೂರು ಅರಮನೆಯ ಪಟ್ಟಿಯಲ್ಲಿ 'ಉಬ್ಬರವಿಳಿತದ ವೇಳೆ ಗಮನಿಸುವುದು' ಎಂದು ಉಳಿದುಬಿಟ್ಟರೆ ಓದಿದವರು ನಕ್ಕಾರು. ಓದುವವರಿದ್ದರೆ.

ಎಲ್ಲರಿಗೂ ಗೊತ್ತಿರುವ ನಿಜವಾದ ಪಟ್ಟಿಯಲ್ಲಿ ಇರುವುದು ಒಂದೇ ಕಂಬ: ಏನಾದರೂ ಆದರೆ ಯಾರ ತಲೆಗೆ? ಇಲಾಖೆ ಅದನ್ನು ಶಾಲೆಯ ತಲೆಗೆ ಕಟ್ಟುತ್ತದೆ, ಶಾಲೆ ಪಿಟಿ ಮೇಷ್ಟ್ರ ತಲೆಗೆ, ಪಿಟಿ ಮೇಷ್ಟ್ರು ಕ್ಲಾಸ್ ಲೀಡರನ ತಲೆಗೆ. ಎಲ್ಲರಿಗಿಂತ ಮೊದಲು ತಲೆ ಕೊಡುವವರು ಅಪ್ಪಅಮ್ಮಂದಿರು. ಮುಚ್ಚಳಿಕೆಗೆ ಸಹಿ: 'ನನ್ನ ಮಗುವಿಗೆ ಏನೇ ಸಂಭವಿಸಿದರೂ ಶಾಲೆ ಜವಾಬ್ದಾರಿಯಲ್ಲ'. ನಿರ್ಲಕ್ಷ್ಯದಿಂದ ಪ್ರಾಣ ಹೋದರೆ ಈ ಚೀಟಿ ಕ್ರಿಮಿನಲ್ ಮೊಕದ್ದಮೆಯಿಂದ ಯಾರನ್ನೂ ಕಾಪಾಡುವುದಿಲ್ಲ. ಹಾಗಿದ್ದರೂ ಅದನ್ನು ಲ್ಯಾಮಿನೇಟ್ ಮಾಡಿಸಿ ಇಡುವ ಶಾಲೆಗಳಿವೆ. ನೀರು ತಾಗಿದರೆ ಕೆಡಬಾರದಲ್ಲ.

ಇಂಗ್ಲೆಂಡಿನವರೂ ಇಂಥದೇ ಪಾಠವನ್ನು ಸಾವಿನಿಂದ ಕಲಿತರು. 1993ರ ಮಾರ್ಚ್ 22ರಂದು ಲೈಮ್ ಕೊಲ್ಲಿಯಲ್ಲಿ ಕಯಾಕ್ ನಡೆಸಲು ಹೋದ ಪ್ಲಿಮತ್‌ನ ಶಾಲೆಯೊಂದರ ನಾಲ್ವರು ಹದಿಹರೆಯದವರು ಸತ್ತರು. ಅವರನ್ನು ನೀರಿಗಿಳಿಸಿದ ಚಟುವಟಿಕೆ ಕೇಂದ್ರದಲ್ಲಿ ಸುರಕ್ಷತೆ ಸಾಲದೆಂದು ಕೆಲಸ ಬಿಟ್ಟ ತರಬೇತುದಾರರು ಮೊದಲೇ ಪತ್ರ ಬರೆದು ಎಚ್ಚರಿಸಿದ್ದರು. ಅಲ್ಲಿ ಸಿಕ್ಕಿಬಿದ್ದದ್ದು ಆ ಕೇಂದ್ರದ ಕಂಪನಿ. 1994ರಲ್ಲಿ ಕಂಪನಿಯ ಮೇಲೂ ಅದರ ವ್ಯವಸ್ಥಾಪಕ ನಿರ್ದೇಶಕನ ಮೇಲೂ ನರಹತ್ಯೆಯ ಅಪರಾಧ ಸಾಬೀತಾಯಿತು, ನಿರ್ದೇಶಕ ಜೈಲಿಗೆ ಹೋದ. 1995ರಲ್ಲಿ ಕಾಯ್ದೆ ಬಂತು. ಹಣ ಪಡೆದು ಮಕ್ಕಳನ್ನು ಬಂಡೆ ಹತ್ತಿಸುವ, ನೀರಿಗಿಳಿಸುವ ಕೇಂದ್ರಗಳು ಲೈಸೆನ್ಸ್ ಪಡೆಯಬೇಕು, ಇನ್ಸ್‌ಪೆಕ್ಟರ್ ಅಲ್ಲಿಗೇ ಹೋಗಿ ನೋಡಬೇಕು. ಕಾಗದ ಅಲ್ಲಿಯೂ ಹುಲುಸಾಗಿ ಬೆಳೆಯಿತು, ಅದು ಬೇರೆ ಮಾತು. ಕೊನೆಗೆ 2011ರಲ್ಲಿ ಅಲ್ಲಿನ ಸುರಕ್ಷತಾ ಇಲಾಖೆಯೇ ಮೇಷ್ಟ್ರುಗಳಿಗೆ ಹೇಳಿಕೆ ಹೊರಡಿಸಿ, ಕಾಗದದ ರಾಶಿ ಬಿಡಿ, ನಿಜವಾದ ಅಪಾಯದ ಕಡೆ ನೋಡಿ ಎನ್ನಬೇಕಾಯಿತು. ನಮ್ಮ ಇಲಾಖೆಯೊಂದು 'ಕಾಗದ ಕಡಿಮೆ ಕಳಿಸಿ' ಎಂದು ಸುತ್ತೋಲೆ ಹೊರಡಿಸಿದರೆ, ಅದರ ಮೂರು ಪ್ರತಿಗೆ ದೃಢೀಕರಣ ಕೇಳಿಯೇ ಕೇಳುತ್ತಾರೆ.

ಹಾಗೆಂದು ಪ್ರವಾಸವನ್ನೇ ನಿಲ್ಲಿಸಿಬಿಡಿ ಎನ್ನುವವರದು ಇನ್ನೊಂದು ಬಗೆಯ ಸುರಕ್ಷತೆ. ಮಗುವನ್ನು ಗೋಡೆಯೊಳಗೆ ಕೂರಿಸಿದರೆ ಶೂನ್ಯ ಅಪಾಯ ಎಂಬುದು ಅವರ ನಂಬಿಕೆ. ನಮ್ಮ ಸರ್ಕಾರಿ ಶಾಲೆಗಳ ಛಾವಣಿ ನೋಡಿದವರಿಗೆ ಆ ಧೈರ್ಯ ಬರುವುದು ಕಷ್ಟ.

ನನ್ನದೊಂದು ಸಲಹೆಯಿದೆ, ಖರ್ಚೂ ಹೆಚ್ಚಿಲ್ಲ. ಅನುಮತಿಗೆ ಸಹಿ ಹಾಕಿದವರಿಗೆ ಬಸ್ಸಿನಲ್ಲಿ ಒಂದು ಸೀಟು ಕಡ್ಡಾಯ. ಜಿಪ್‌ಲೈನಿಗೆ ಪ್ರಮಾಣಪತ್ರ ಕೊಟ್ಟ ಮಹನೀಯರು ಮೊದಲ ಸರದಿಯಲ್ಲಿ ಹಾರಬೇಕು. 'ತಿಳಿಹೇಳಲಾಗುವುದು' ಎಂದು ಬರೆದವರು ಅಲೆಗೆ ತಿಳಿಹೇಳುತ್ತಾ ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲಬೇಕು. ಮಕ್ಕಳು ದಡದ ಮೇಲೆ ಕೂತು ಚುರುಮುರಿ ತಿನ್ನುತ್ತಾ ತಲೆ ಎಣಿಸುತ್ತಾರೆ. ಎಣಿಕೆ ಅವರಿಗೆ ಚೆನ್ನಾಗಿ ಬರುತ್ತದೆ. ಹೊರಡುವ ಮುಂಚೆ ಸಾಹೇಬರ ಮನೆಯವರು ಕ್ಲಾಸ್ ಲೀಡರನ ಹೆಸರಿಗೆ ಒಂದು ಮುಚ್ಚಳಿಕೆ ಬರೆದುಕೊಡಬೇಕು: ನಮ್ಮ ಯಜಮಾನರಿಗೆ ಏನೇ ಸಂಭವಿಸಿದರೂ ಏಳನೇ ತರಗತಿ 'ಬಿ' ವಿಭಾಗ ಜವಾಬ್ದಾರಿಯಲ್ಲ. ಮೊಹರು ನೆಟ್ಟಗಿರಲಿ.