ಮಾರುವ ಮಾನ, ಮೆರೆಯುವ ಮಾನ: ಹಾವೇರಿ ಸೀಮೆಯ ಅಳತೆಗಳ ಕುರಿತೊಂದು ಶಾಸ್ತ್ರೀಯ ಜಿಜ್ಞಾಸೆ

ಉತ್ತರಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರವನ್ನು ಒಂದು ಕೋಟಿ ಪಾಲು ಮಾಡಿ, ಒಂದು ಪಾಲಿಗೆ ಮೀಟರ್ ಎಂದು ಹೆಸರಿಟ್ಟವರು ಫ್ರೆಂಚರು. ಅದಕ್ಕಾಗಿ ಅವರ ಇಬ್ಬರು ಖಗೋಳಜ್ಞರು 1792ರಿಂದ ಆರೇಳು ವರ್ಷ ಡನ್‌ಕರ್ಕ್‌ನಿಂದ ಬಾರ್ಸಿಲೋನಾದವರೆಗೆ ಅಲೆದರು. ನಮ್ಮವರು ತೋಳು ಮಡಚಿ ಮೊಳ ಎಂದರು, ಕೆಲಸ ಮುಗಿಯಿತು. ಈ ಎರಡು ಪಂಥಗಳ ವ್ಯಾಜ್ಯ 1956ರ ತೂಕ ಮತ್ತು ಅಳತೆಗಳ ಕಾಯ್ದೆಯೊಂದಿಗೆ ಇತ್ಯರ್ಥವಾಯಿತೆಂದು ದೆಹಲಿ ನಂಬಿಕೊಂಡಿದೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಲ್ಲಿ ಕ್ಷೇತ್ರಕಾರ್ಯ ನಡೆಸಿದ (ಎಂದರೆ ಚಹಾದಂಗಡಿಗಳಲ್ಲಿ ಕೂತೆದ್ದ) ಪ್ರಸ್ತುತ ಸಂಶೋಧಕನಿಗೆ ಹಾಗೆ ತೋರಲಿಲ್ಲ.

ಪೂರ್ವಪಕ್ಷವನ್ನು ಬೇಗ ಮುಗಿಸೋಣ. ಆಧುನಿಕರು ಹಳೆಯ ಅಳತೆಗಳ ಉಳಿವನ್ನು ಜನರ ಮೊಂಡುತನ ಎನ್ನುತ್ತಾರೆ. ಸಂಪ್ರದಾಯವಾದಿಗಳು ಶಾಸನ ತೋರಿಸುತ್ತಾರೆ. ಅಲ್ಲಿ ದತ್ತಿಭೂಮಿ ಮತ್ತರು, ಕಮ್ಮಗಳಲ್ಲಿದೆ, ನಿಜ. ಅಳೆದ ಗಳೆ ಮಾತ್ರ ಊರಿಗೊಂದು ತೆರ. ಇಬ್ಬರೂ ಕಾಣದ ಸೂತ್ರ ಇದು: ಪರರ ಪಾಲಾಗುವುದು ಮೆಟ್ರಿಕ್, ತನ್ನದಾಗಿ ಉಳಿಯುವುದು ಪುರಾತನ.

ಮೊದಲ ಪ್ರಮಾಣ ಮೆಣಸಿನಕಾಯಿ. ಕಟ್ಟೆಯ ಮೇಲೆ ಕೂತ ರೈತ "ಈ ಸಲ ಎಕರೆಕ್ಕ ಇಷ್ಟ್ ಚೀಲ ಬಂತು ನೋಡ್ರಿ" ಎನ್ನುತ್ತಾನೆ. ಅದೇ ಚೀಲ ಬ್ಯಾಡಗಿಯ ಎಪಿಎಂಸಿ ಪ್ರಾಂಗಣ ಹೊಕ್ಕು ದಲಾಲಿ ಅಂಗಡಿಯ ಕಾಟಾ ಏರಿದ ಕ್ಷಣ ಕ್ವಿಂಟಲ್ ಆಗುತ್ತದೆ. ಕಾಯಿ ಅದೇ, ಬಣ್ಣ ಅದೇ, ಬದಲಾದದ್ದು ಒಡೆತನ. ಆ ಬಣ್ಣವನ್ನೂ ಈಗ ಆಸ್ತಾ ಎಂಬ ಮಾನದಲ್ಲಿ ಅಳೆಯುತ್ತಾರೆ. ಅದು ಅಮೆರಿಕದ ಸಾಂಬಾರ ವ್ಯಾಪಾರಿಗಳ ಸಂಘದ ಹೆಸರು. ಇಂದಿಗೂ ಪೌಂಡಿನಲ್ಲಿ ಮಾಂಸ ಕೊಳ್ಳುವ ದೇಶ ನಮ್ಮ ಕಡ್ಡಿ, ಡಬ್ಬಿ ಕಾಯಿಗಳ ಕೆಂಪಿಗೆ ಅಂಕ ಕೊಡುವುದನ್ನು ಈ ಪ್ರಬಂಧ ಅಡಿಟಿಪ್ಪಣಿಗೆ ತಳ್ಳುತ್ತದೆ, ಅಡಿಟಿಪ್ಪಣಿ ಬರೆಯುವುದಿಲ್ಲ.

ರಾಣೇಬೆನ್ನೂರಿನ ಬೀಜದಂಗಡಿಯಲ್ಲಿ ಸೂತ್ರ ಒಂದೇ ಪೊಟ್ಟಣದೊಳಗೆ ಸಿಗುತ್ತದೆ. ಬಿಟಿ ಹತ್ತಿಯ 450 ಗ್ರಾಂ ಪೊಟ್ಟಣ ಬಹುಕಾಲ ಬಿಕರಿಯಾದದ್ದು ಒಂದು ಎಕರೆಯ ಲೆಕ್ಕಕ್ಕೆ. ಕಂಪನಿಯದು ಗ್ರಾಂ, ರೈತನದು ಎಕರೆ. ಹಾವೇರಿಯ ಏಲಕ್ಕಿ ಹಾರವೂ ಹಾಗೆಯೇ: ಕಾಯಿ ಕೊಳ್ಳುವಾಗ ಗ್ರಾಂ, ಕೊರಳಿಗೆ ಬಿದ್ದ ಮೇಲೆ ಎಳೆ. ಸನ್ಮಾನಿತರು ತಮ್ಮ ಹಾರ ಎಷ್ಟೆಳೆಯದೆಂದು ಹೇಳಿಕೊಂಡಾರು, ಎಷ್ಟು ಗ್ರಾಮಿನದೆಂದು ಯಾರೂ ಹೇಳಿಕೊಳ್ಳರು.

ವಿಷಯ ಗಹನವಾಗುವುದು ಹೊಲಕ್ಕೆ ಇಳಿದಾಗ. 1956ರ ನವೆಂಬರ್ 1ರವರೆಗೆ ಈ ಸೀಮೆ ಮುಂಬಯಿ ರಾಜ್ಯದಲ್ಲಿತ್ತು. ಅಲ್ಲೇ ಉಳಿದಿದ್ದರೆ ಇಂದು ಮಹಾರಾಷ್ಟ್ರದ ಪಹಣಿಯಾದ ಸಾತ್‌ಬಾರಾದಂತೆ ಹೆಕ್ಟೇರ್ ಮತ್ತು ಆರ್‌ಗಳಲ್ಲಿ ಹೊಲ ನೋಡಬೇಕಿತ್ತು. ಏಕೀಕರಣದ ಈ ಲಾಭವನ್ನು ಯಾವ ಇತಿಹಾಸಕಾರನೂ ಗುರುತಿಸಿಲ್ಲ. ನಮ್ಮ ಪಹಣಿಯಲ್ಲಿ ಎಕರೆ, ಗುಂಟೆ, ಆಣೆ ಸುಖವಾಗಿವೆ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದು ಜೇಬಿನ ಆಣೆಗೆ ಕುತ್ತು ತಂದಿತು. ಹೊಲದ ಆಣೆ ಗುಂಟೆಗೆ ಹದಿನಾರರಂತೆ ಅಲ್ಲಾಡದೆ ಕೂತಿದೆ. ಒಂದು ಗುಂಟೆ ಎಂದರೆ 101.17 ಚದರ ಮೀಟರ್, ಒಂದು ಆರ್ ಎಂದರೆ 100. ಗುಂಟೆಯನ್ನು ಆರ್ ಎಂದು ಕರೆದುಬಿಟ್ಟರೆ ಎಕರೆಗೆ ಸುಮಾರು 47 ಚದರ ಮೀಟರ್ ಮಾಯ. ಬದುವಿನ ಒಂದು ಗೇಣಿಗೆ ಮೂರು ತಲೆಮಾರು ಕೋರ್ಟು ಹತ್ತಿಳಿವ ದಾಯಾದಿಗಳ ನಾಡಿನಲ್ಲಿ ಅಂಥ ಸುಧಾರಣೆಯ ಪರಿಣಾಮವನ್ನು ವಕೀಲರ ಸಂಘವಷ್ಟೇ ಸ್ವಾಗತಿಸೀತು.

ಇಲ್ಲಿ ಆಕ್ಷೇಪವೊಂದು ಏಳುತ್ತದೆ: ಮಾರಿದ ಹೊಲವೂ ಎಕರೆಯಲ್ಲೇ ಇರುತ್ತದಲ್ಲ? ಇರುತ್ತದೆ. ಆದರೆ ಹೊಲ ಮಾರಿದೆನೆಂದು ಯಾವ ರೈತ ಹೇಳುತ್ತಾನೆ? "ಕೈ ಬಿಟ್ ಹೋತ್ರಿ" ಎನ್ನುತ್ತಾನೆ. ಸೂತ್ರ ನಿಲ್ಲುತ್ತದೆ.

ಬಂಗಾರ ಇನ್ನೂ ಸೂಕ್ಷ್ಮ. ತೊಲೆಯ ನಿಜವಾದ ತೂಕ 11.66 ಗ್ರಾಂ. ಅಂಗಡಿಯಲ್ಲಿ ಈಗ ಹತ್ತು ಗ್ರಾಮಿಗೇ ತೊಲಿ ಎನ್ನುತ್ತಾರೆ. "ಮಗಳಿಗೆ ಹತ್ತ್ ತೊಲಿ ಹಾಕೇವಿ" ಎಂದು ಬೀಗರ ಮುಂದೆ ಮೀಸೆ ತಿರುವುವ ತಂದೆ ಹಳೆಯ ಲೆಕ್ಕದಲ್ಲಿ ಎಂಟೂವರೆ ತೊಲಿಯನ್ನಷ್ಟೇ ಹಾಕಿರುತ್ತಾನೆ. ಬೀಗರಿಗೂ ಇದು ಗೊತ್ತು. ಅವರೂ ಮಗಳ ಮದುವೆ ಮಾಡಿದವರೇ, ಸುಮ್ಮನಿರುತ್ತಾರೆ.

ಸೂತ್ರಕ್ಕೆ ಬಗ್ಗದ್ದು ಒಂದೇ, ಹೂವು. ಮಾರಾಟದ ಸರಕಾಗಿಯೂ ಮೊಳ ಮಾರುಗಳಲ್ಲೇ ಹೋಗುತ್ತದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ವ್ಯಾಪಾರಕ್ಕೆ ಬಳಸುವ ಅಳತೆಯ ಸಾಧನವನ್ನು ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಒತ್ತಬೇಕು. ಇಲ್ಲಿ ಸಾಧನವೆಂದರೆ ಹೂವಿನವಳ ಮೊಣಕೈ. ಇನ್‌ಸ್ಪೆಕ್ಟರ್ ಮುದ್ರೆಯನ್ನು ಎಲ್ಲಿ ಒತ್ತಬೇಕೆಂಬುದನ್ನು ಕಾಯ್ದೆ ಹೇಳುವುದಿಲ್ಲ. ಗಿಡ್ಡ ಕೈಯವಳಿಗೆ ಲಾಭ, ಉದ್ದ ಕೈಯವಳಿಗೆ ಗಿರಾಕಿ: ಪೇಟೆ ತಾನೇ ಸಮತೋಲನ ಕಂಡುಕೊಂಡಿದೆ. ಖಚಿತಪಡಿಸಿಕೊಳ್ಳಲು ಸಂಶೋಧಕ ಹಾವೇರಿಯಲ್ಲಿ ವಿಚಾರಿಸಿದ.

"ಅಕ್ಕಾರ, ಮೊಳ ಎಷ್ಟ್ರಿ?"

"ಯಾವ ಮೊಳರೀ ಅಣ್ಣಾರ, ನಂದೋ ನಿಮ್ಮದೋ? ನಿಮ್ಮದಾದ್ರ ಹತ್ತ್ ರೂಪಾಯಿ ಹೆಚ್ಚ್ ಕೊಡ್ರಿ."